ಒಣ ಗಂಟು

ಅಪ್ಪಾ,

ನೀನು ಹೋದ ಮೇಲೆ ಇವತ್ತೇ ಮೊದಲ ಸಲ ನಿನ್ನ ಗಾಳದ ಕೋಲು ಹೊರತೆಗೆದು ಸಂಜೆ ಕಡಲತೀರಕ್ಕೆ ಹೋದೆ. ಬೆಳಕು ಆರುವ ಮುಂಚೆ ದೊಡ್ಡ ಮೀನೊಂದು ಕಚ್ಚಿತು. ಎಳೆಯುತ್ತಿದ್ದಂತೆ, ನಾನು ಹಾಕಿದ ಗಂಟಿನ ಹತ್ತಿರವೇ ದಾರ ತುಂಡಾಯಿತು.

ಪಕ್ಕದಲ್ಲಿ ಗಾಳ ಹಾಕಿದ್ದ ಮುದುಕ ನಕ್ಕ. "ಕೊಕ್ಕೇನ ಮೂಗುತಿ ಮಾಡ್ಕೊಂಡು ಹೋಯ್ತು! ಎಂಜಲು ಹಚ್ಚದೆ ಗಂಟು ಬಿಗಿದ್ರಾ ತಾಯಿ? ಒಣಗಂಟು ನಿಲ್ಲಲ್ಲ. ಯಾರೂ ಹೇಳಿಕೊಡ್ಲಿಲ್ವಾ?"

ಇದೇ ಮರಳಿನ ಮೇಲೆ ಕೂತು, ದಾರವನ್ನು ಬಾಯಿಗಿಟ್ಟುಕೊಂಡೇ, "ಇಲ್ನೋಡು ಮಗಳೇ" ಎಂದು ನೀನು ಎಷ್ಟು ಸಂಜೆ ಕರೆದಿದ್ದೀಯ. ನಾನು ಕವಿತೆಯ ಪುಸ್ತಕದಿಂದ ತಲೆ ಎತ್ತದೆ "ಹೂಂ" ಎನ್ನುತ್ತಿದ್ದೆ.

"ಇಲ್ಲ, ಯಾರೂ ಹೇಳಿಕೊಡ್ಲಿಲ್ಲ," ಎಂದುಬಿಟ್ಟೆ.

"ಹಾಗಾದ್ರೆ ನಿಮ್ಮ ತಪ್ಪೇನಿಲ್ಲ ಬಿಡಿ," ಎಂದ.