ಗೂಬೆಯ ಮುಖವಾಡಕ್ಕೆ ಮನೆಯವರ ಒಪ್ಪಿಗೆ

ಮನೆ, ಮಹಡಿ ಮೆಟ್ಟಿಲು
ತಾ. ೧೪, ಭಾನುವಾರ ಮಧ್ಯಾಹ್ನ

ಶ್ರೀಮದ್ ಗೂಬೆಕುಲತಿಲಕ, ನೆಲಚುಂಬನಪ್ರವೀಣ, ಊರೂರಿನ ಬೈಗುಳಗಳಿಗೆ ಏಕೈಕ ಸತ್ಪಾತ್ರ, ಅಖಂಡ ಪರಾಜಯ ಸಾರ್ವಭೌಮರಾದ ಒಡಹುಟ್ಟಿದ ಅಣ್ಣನವರ ದಿವ್ಯ ಸನ್ನಿಧಾನಕ್ಕೆ, ತಮ್ಮ ಏಕಮಾತ್ರ ತಂಗಿಯು ಮೂರನೇ ಮೆಟ್ಟಿಲ ಮೇಲೆ ಕೂತು ಬರೆದುಕೊಳ್ಳುವ ವಿಜ್ಞಾಪನೆ.

ಮೊದಲು ಆರೋಗ್ಯ. ಎಡ ಮೊಣಕಾಲು ಹೇಗಿದೆ? ಬಸ್ಸು ಇಳಿಯುವಾಗ ಇನ್ನೂ ಕಟಕಟ ಎನ್ನುತ್ತದೆಯೋ, ಅಥವಾ ಸದ್ದಿಲ್ಲದೆ ನೋಯುವಷ್ಟು ಸಂಸ್ಕಾರ ಕಲಿತಿದೆಯೋ? ಸೊಂಟಕ್ಕೆ ಕಟ್ಟುವ ಪಟ್ಟಿಯನ್ನು ತಲೆದಿಂಬು ಮಾಡಿಕೊಳ್ಳಬಾರದೆಂದು ಅಮ್ಮನ ಅಪ್ಪಣೆಯಾಗಿದೆ. ಇಲ್ಲಿ ನಾವಿಬ್ಬರೂ ಕ್ಷೇಮ. ಅಮ್ಮನ ಹೊಲಿಗೆ ಯಂತ್ರಕ್ಕೆ ಮಾತ್ರ ನೆಗಡಿಯಾದಂತಿದೆ, ನಡುನಡುವೆ ಸೀನುತ್ತದೆ. ಇಷ್ಟು ದಿನ ನೀನು ಫೋನ್ ಯಾಕೆ ಎತ್ತುತ್ತಿಲ್ಲವೆಂಬುದು ಈಗ ತಿಳಿಯಿತು. ಕುಸ್ತಿ ಕಣದ ಹಗ್ಗದ ಮೇಲಿಂದ ಜನರ ಮಧ್ಯಕ್ಕೆ ಹಾರುವ ವೀರ, ಅಮ್ಮನ ಒಂದು ಹಲೋಗೆ ಹೆದರಿ ಅಡಗಿ ಕೂತಿದ್ದೀಯ. ಅದಕ್ಕೇ ಈ ಪತ್ರ. ತಂದುಕೊಡುತ್ತಿರುವವನು ನಿನ್ನ ಪರಮಶತ್ರು.

ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ತೆರೆದರೆ ಬಾಗಿಲಿನಷ್ಟೇ ಅಗಲದ ಹುಡುಗ, ಇಸ್ತ್ರಿ ಮಾಡಿದ ಅಂಗಿ, ಹೆಗಲಲ್ಲೊಂದು ಚೀಲ, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ. ಟಿವಿಯಲ್ಲಿ ವಾರವಾರವೂ ನಿನ್ನನ್ನು ತಲೆಯ ಮೇಲಕ್ಕೆತ್ತಿ ಒಗೆಯುವ ಸಾಕ್ಷಾತ್ ಮಿಂಚು. ಯಾರು ಗೆಲ್ಲಬೇಕೆಂಬುದು ನಿಮ್ಮ ಆಫೀಸಿನಲ್ಲಿ ಮೊದಲೇ ತೀರ್ಮಾನವಾಗುತ್ತದೆ ಎಂದು ಅಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅವನನ್ನು ನೆತ್ತಿಯಿಂದ ಪಾದದವರೆಗೆ ಅಳತೆ ತೆಗೆಯುವವಳಂತೆ ನೋಡಿ, “ಓ, ನೀನೇನಾ ಅದು” ಎಂದಳು. ಸಾವಿರಾರು ಜನ ಕೂಗಿ ಕರೆಯುವ ಹುಡುಗ ಕಾಲೊರಸಿನ ಮೇಲೆ ಬಹಳ ಹೊತ್ತು ಕಾಲೊರೆಸುತ್ತಲೇ ನಿಂತ. ಅವನು ಕೂತ ಕುರ್ಚಿ ಇನ್ನೂ ಕುರ್ಚಿಯಾಗಿಯೇ ಉಳಿದಿದೆ ಎಂದು ತಿಳಿಸಲು ಹರ್ಷಿಸುತ್ತೇನೆ.

ಟೀ ಲೋಟ ಅವನ ಕೈಯಲ್ಲಿ ಔಷಧದ ಮುಚ್ಚಳದ ಹಾಗೆ ಕಾಣುತ್ತಿತ್ತು. ಅದನ್ನು ಹಿಡಿದುಕೊಂಡೇ ಬಂದ ವಿಷಯ ಹೇಳಿದ. ಬರುವ ಶನಿವಾರ ನಮ್ಮೂರಿನ ಒಳಾಂಗಣ ಕ್ರೀಡಾಂಗಣದಲ್ಲೇ ಆಟ. ಯಾವಾಗಲೂ ಮೊದಲ ಪಂದ್ಯದಲ್ಲಿ, ಜನ ಇನ್ನೂ ಸೀಟು ಹುಡುಕುತ್ತಿರುವಾಗಲೇ ಸೋತು ಮುಗಿಸುವ ನಿನಗೆ ಈ ಸಲ ಕೊನೆಯ ಪಂದ್ಯ, ಎಲ್ಲ ದೀಪಗಳ ಕೆಳಗೆ. ಪಂದ್ಯದ ಕೊನೆಗೆ ಮಿಂಚು ನಿನ್ನ ಗೂಬೆಯ ಮುಖವಾಡ ಕೀಳಬೇಕು. ಒಮ್ಮೆ ಕಿತ್ತದ್ದನ್ನು ಮತ್ತೆ ಹಾಕುವಂತಿಲ್ಲ. ಅಲ್ಲಿಂದಾಚೆಗೆ ನೀನು ಹೊಸ ಹುಡುಗರಿಗೆ ಬೀಳುವುದನ್ನು ಕಲಿಸುವ ಮೇಷ್ಟ್ರು. ಮುಖವಾಡ ಕೀಳುವವನು ಅದನ್ನು ಹಾಕಿಕೊಂಡವನ ಮನೆಗೆ ಮೊದಲು ಬಂದು ಕೇಳಬೇಕಂತೆ. ಮನೆಯವರು ಬೇಡವೆಂದರೆ ಬೇಡ, ಮತ್ತೆ ಮೊದಲ ಪಂದ್ಯ, ಮೊಣಕಾಲು ಇರುವಷ್ಟು ದಿನ. ನಿಮ್ಮ ಕಸುಬಿನಲ್ಲಿ ಇಷ್ಟು ಮರ್ಯಾದೆ ಇರುವುದು ಟಿವಿಯಲ್ಲಿ ಕಾಣುವುದೇ ಇಲ್ಲ. ಅವನೇ ಯಾಕೆ ಕೇಳಲಿಲ್ಲ ಅಂದಳು ಅಮ್ಮ. “ಅಣ್ಣಂಗೆ ತುಂಬಾ ಆಸೆ ಇದೆ ಅಮ್ಮ. ನೀವು ಬೇಡ ಅಂದ್ಬಿಟ್ರೆ ಅಂತ ಭಯ” ಎಂದ.

ಈಗ ಮಾತೃಶ್ರೀಯವರು ಎತ್ತಿದ ಆಕ್ಷೇಪಣೆಗಳನ್ನು ಅವಧರಿಸಬೇಕು. ನಿನ್ನ ಮುಖ ಖಳನಾಯಕನ ಮುಖವಲ್ಲ. ಕೆನ್ನೆಯಲ್ಲಿ ಗುಳಿಯಿರುವ, ಯಾರಾದರೂ ದಾರಿ ಕೇಳಿದರೆ ಮನೆಯವರೆಗೆ ಬಿಟ್ಟು ಬರುವ ಮುಖ. ಅದನ್ನು ನೋಡಿದ ಜನ ಇಷ್ಟು ವರ್ಷ ತಾವು ಬೈದದ್ದು ಇವನನ್ನೇ ಎಂದು ನಕ್ಕುಬಿಟ್ಟರೆ? ಇನ್ನು ಬೀದಿಯವರ ಲೆಕ್ಕದಲ್ಲಿ ನೀನು ಊರೂರು ತಿರುಗಿ ನೀರಿನ ಪಂಪು ಮಾರುವವನು. ಎದುರಿನ ಕ್ಷೌರದಂಗಡಿಯವನ ಗತಿಯೇನು? ಪ್ರತಿ ವಾರ ಪಂದ್ಯ ಮುಗಿದ ಮಾರನೆಯ ದಿನ ಪ್ಯಾಂಟಿನ ನೆಪ ಮಾಡಿ ಬಂದು, “ನಿನ್ನೆ ಆ ಗೂಬೆಗೆ ಸರಿಯಾಗಿ ಬಿತ್ತು ನೋಡಿ ಅಕ್ಕ, ಅಂಥೋನ್ನ ಯಾರು ಹೆತ್ತರೋ” ಎನ್ನುತ್ತಾನೆ. ಹೆತ್ತವಳು ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹೂಂ ಅನ್ನುತ್ತಾಳೆ. ಪಾಪ, ವಿಷಯ ತಿಳಿದರೆ ಆ ಮನುಷ್ಯ ಕತ್ತರಿ ಹಿಡಿದ ಕೈಯಲ್ಲೇ ಮೂರ್ಛೆ ಹೋದಾನು, ಕುರ್ಚಿಯಲ್ಲಿ ಕೂತವನ ಕಿವಿಯ ಹೊಣೆ ಯಾರದು? ಹೀಗೆಲ್ಲ ವಾದ ನಡೆಯಿತು. ಅಷ್ಟರಲ್ಲಿ ಮಿಂಚು ಬಿಸ್ಕತ್ತಿನ ಡಬ್ಬಿಯನ್ನು ತಾನೇ ಅರ್ಧ ಮಾಡಿದ.

ಕೊನೆಗೆ ಅವನು ಲೋಟ ಕೆಳಗಿಟ್ಟು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. “ನಾನು ಅಣ್ಣನ್ನ ಎತ್ತೋದೇ ಇಲ್ಲಮ್ಮ. ಅವರೇ ಹಾರ್ತಾರೆ, ನಾನು ಕೈ ಕೊಡ್ತೀನಿ ಅಷ್ಟೆ. ಬಂದ ಹೊಸದ್ರಲ್ಲಿ ಒಂದ್ಸಲ ನನ್ನ ಕಾಲು ಜಾರಿ ತಲೆ ಕೆಳಗಾಗಿ ಬೀಳ್ತಿದ್ದೆ. ಅವರು ಗಾಳೀಲೇ ತಿರುಗಿ ನನ್ನ ಅಡಿಗೆ ಬಂದ್ರು. ಆ ಮೊಣಕಾಲು ಹೋಗಿದ್ದು ಆವತ್ತು.” ಈ ಸುದ್ದಿಯನ್ನು ನೀನು ನಮಗೆ ಹೇಳಿರಲಿಲ್ಲ. ಬಾತ್‌ರೂಮಿನಲ್ಲಿ ಜಾರಿದೆ ಅಂದಿದ್ದೆ. ಬಾತ್‌ರೂಮಿಗೆ ಒರಟು ಚಾಪೆ ಹೊಲಿದು ಕಳಿಸಿದ್ದ ಅಮ್ಮ ಎದ್ದು ಹೋಗಿ ಯಂತ್ರದ ಮುಂದೆ ಕೂತಳು. ಸೂಜಿಗೆ ದಾರ ಪೋಣಿಸುವುದಕ್ಕೆ ಎಂದಿಗಿಂತ ಜಾಸ್ತಿ ಹೊತ್ತು ಹಿಡಿಯಿತು.

ಆಮೇಲೆ ತಿರುಗಿ ಹೇಳಿದಳು: “ಇಷ್ಟು ವರ್ಷ ಜನ ನೋಡಿದ್ದು ನಾನು ಹೊಲಿದ ಬಟ್ಟೇನ. ಒಂದ್ಸಲ ನಾನು ಹೆತ್ತ ಮುಖಾನೂ ನೋಡ್ಲಿ ಬಿಡು.” ಅಷ್ಟೇ, ತೀರ್ಪು ಮುಗಿಯಿತು. ಈಗ ಒಳಗೆ ತಾಲೀಮು ನಡೆಯುತ್ತಿದೆ. ಹಳೆಯ ಮುಖವಾಡದ ದಾರ ಗಂಟುಗಂಟಾಗಿರುತ್ತದೆ, ಎಳೆದರೆ ನಿನ್ನ ಕಿವಿ ಹರಿಯುತ್ತದೆ ಎಂದು ಅಮ್ಮ ಹೊಸದು ಹೊಲಿದಿದ್ದಾಳೆ, ಹಿಂದೆ ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು. ಅದನ್ನು ದಿಂಬಿಗೆ ತೊಡಿಸಿ ಮಿಂಚಿನ ಕೈಯಲ್ಲಿ ಬಿಚ್ಚಿಸುತ್ತಿದ್ದಾಳೆ. ಆ ಬೆರಳುಗಳಿಗೆ ಜಾರುಗಂಟು ಸಿಕ್ಕುತ್ತಲೇ ಇಲ್ಲ. ಮೆಲ್ಲಗೆ, ಅದು ದಿಂಬಲ್ಲ ನನ್ನ ಮಗ ಎಂದು ಗದರಿಸುವುದು ಇಲ್ಲಿಯವರೆಗೆ ಕೇಳಿಸುತ್ತಿದೆ.

ಅಮ್ಮನ ಆಶೀರ್ವಾದಗಳು, ಮೊಣಕಾಲಿಗೆ ಪ್ರತ್ಯೇಕವಾಗಿ ಇನ್ನೊಂದು. ಮೊದಲ ಸಾಲಿನಲ್ಲಿ ಎರಡು ಸೀಟು ಹಿಡಿದಿಡುವುದು. ಶನಿವಾರ ಗಡ್ಡ ಬೋಳಿಸಿಕೊಂಡು ಬರತಕ್ಕದ್ದು.

ಇಂತಿ, ಗೂಬೆಸಂಸ್ಥಾನದ ರಾಜಮುದ್ರಾಧಿಕಾರಿಣಿ,
ನಿನ್ನ ಪುಟ್ಟಿ

ಅವಸರದಲ್ಲಿ: ಮಿಂಚು ಬೂಟು ಹಾಕಿಕೊಳ್ಳುತ್ತಿದ್ದಾನೆ, ಬೇಗ ಬರೆದುಬಿಡುತ್ತೇನೆ. ಮೇಲೆ ಅಮ್ಮನ ತಲೆಗೆ ಕಟ್ಟಿದ ಆಕ್ಷೇಪಣೆಗಳಲ್ಲಿ ಒಂದೂ ಅಮ್ಮನದಲ್ಲ. ನಿನಗೆ ಆಸೆಯಿದೆ ಎಂದು ಕೇಳಿದ ಕೂಡಲೇ ಅವಳು ಒಪ್ಪಿಯಾಗಿತ್ತು. ಅವನ ಚೀಲದ ಮೇಲೆ ಕೂತುಕೊಂಡು ಬೇಡವೇ ಬೇಡ ಎಂದು ಹಟ ಮಾಡಿದವಳು ನಾನು. ಗೂಬೆ ಯಾರೆಂದು ಈ ಬೀದಿಯಲ್ಲಿ ಗೊತ್ತಿದ್ದದ್ದು ಅಮ್ಮನಿಗೂ ನನಗೂ ಮಾತ್ರ. ಅದನ್ನು ಊರಿಗೆಲ್ಲ ಹಂಚಿಕೊಡಲು ನನಗೆ ಮನಸ್ಸು ಬರಲಿಲ್ಲ ಅಣ್ಣ.