ರಾಹುಕಾಲದಲ್ಲಿ ಏರಿದ ಟಿಕೆಟ್ ದರ

ರೀ,

ಈಗ ಎಬ್ಬಿಸಿದರೆ ಜಗಳವಾಗಿ ಅಕ್ಕಪಕ್ಕದವರೆಲ್ಲ ಏಳುತ್ತಾರೆ. ಅದಕ್ಕೇ ಬರೆದಿಟ್ಟು ಮಲಗುತ್ತೇನೆ. ಬೆಳಿಗ್ಗೆ ನೀವು ಏಳುವ ಮುಂಚೆ ನಾನು ಗಾರ್ಮೆಂಟ್ಸ್ ಬಸ್ಸಿಗೆ ಹೋಗಿರುತ್ತೇನೆ.

ಅರ್ಧ ದಿನದ ಸಂಬಳ ಬಿಟ್ಟು ಇವತ್ತು ವಿಮಾನದ ಟಿಕೆಟ್ ಮಾಡಿಸಲು ನಿಮ್ಮ ಜೊತೆ ಶಿವಾಜಿನಗರಕ್ಕೆ ಬಂದೆ. ಏಜೆಂಟ್ ಇಸ್ಮಾಯಿಲ್ ಭಾಯ್ ಬಿಡಿಸಿ ಹೇಳಿದರು, "ಅಣ್ಣಾ, ಈ ರೇಟಿಗೆ ಎರಡೇ ಸೀಟಿದೆ. ಈಗ್ಲೇ ಕಟ್ಬಿಡಿ, ಆಮೇಲೆ ನನ್ನ ಕೇಳ್ಬೇಡಿ." ನೀವೇನಂದಿರಿ? "ರಾಹುಕಾಲ ಮುಗೀಲಿ ಗುರು, ಟೀ ಕುಡ್ಕೊಂಡ್ ಬರ್ತೀವಿ."

ವಾಪಸ್ ಬರುವಷ್ಟರಲ್ಲಿ ಸೀಟು ಬೇರೆಯವರ ಪಾಲಾಗಿ, ದರ ಏರಿ ಕೂತಿತ್ತು. ಸಾಲದ್ದಕ್ಕೆ ಆ ಮನುಷ್ಯನನ್ನೇ ಕಳ್ಳ ಅಂದಿರಿ. ನನಗೆ ತಲೆ ಎತ್ತಲಾಗಲಿಲ್ಲ.

ಇನ್ನೆರಡು ದಿನ ಬಿಟ್ಟರೆ ಇಳಿಯುತ್ತೆ ಅಂತ ಮತ್ತೆ ಶುರು ಮಾಡಬೇಡಿ. ದುಬೈಯಲ್ಲಿ ಮಗಳ ಹೆರಿಗೆ ಕಾಯುವುದಿಲ್ಲ. ಇಬ್ಬರಿಗೆಂದು ಕೂಡಿಟ್ಟ ದುಡ್ಡಿಗೆ ಈಗ ಒಂದೇ ಟಿಕೆಟ್ ಬರುವುದು. ಸಂಜೆಯೇ ಇಸ್ಮಾಯಿಲ್ ಭಾಯ್‌ಗೆ ಫೋನ್ ಮಾಡಿ ನನ್ನ ಹೆಸರಿಗೆ ಮಾಡಿಸಿದೆ.

ಸಾರು ಬಿಸಿ ಮಾಡಿಕೊಳ್ಳಿ. ಬಿಪಿ ಮಾತ್ರೆ ಮರೆಯಬೇಡಿ. ಆಮೇಲೆ ಸುಕನ್ಯಳಿಗೆ ಫೋನ್ ಮಾಡಿ, ಅಪ್ಪ ಯಾಕೆ ಬರುತ್ತಿಲ್ಲ ಅಂತ ನೀವೇ ಹೇಳಿ. ನಾನಂತೂ ಹೇಳುವುದಿಲ್ಲ.

ಧನಲಕ್ಷ್ಮಿ