ನಾನೇ ಆರಿಸಿದ ಚದುರಂಗದ ಪುಸ್ತಕಗಳು

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದೆ ಕೂತಿದ್ದೆ. ಬೈಯುವುದಿದ್ದರೆ ಬೈ, ಆದರೆ ಪೂರ್ತಿ ಓದಿದ ಮೇಲೆ. ನಿನ್ನ ಮಂಡಿನೋವು ಹೇಗಿದೆ? ನನ್ನ ಕನ್ನಡಕದ ಅಂಗಡಿ ಚೆನ್ನಾಗಿ ನಡೆಯುತ್ತಿದೆ. ನಮ್ಮವರೂ ಆರಾಮಾಗಿದ್ದಾರೆ.

ವಿಷಯ ಏನೆಂದರೆ, ನಾನು ಚದುರಂಗ ಕಲಿಯುತ್ತಿದ್ದೇನೆ. “ಗಂಡನ ಜೊತೆ ದಿನಾ ಆಡ್ತೀಯಲ್ಲೇ, ಈಗೇನು ಕಲಿಯೋದು?” ಎಂದು ನೀನು ಕೇಳುತ್ತೀಯ. ಮನೆಯ ಹಲಗೆಯನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿಬಿಟ್ಟಿದ್ದೇನೆ.

ಪುಸ್ತಕದಂಗಡಿಗೆ ಹೋದೆ. ಅಂಗಡಿಯವರು ಮೊದಲು ಬಣ್ಣದ ಚಿತ್ರಗಳ ಪುಸ್ತಕವೊಂದನ್ನು ತೆಗೆದು, “ಮೊಮ್ಮಕ್ಕಳಿಗಾ ಅಮ್ಮ?” ಎಂದರು. ನನಗೇ ಎಂದೆ. ತಕ್ಷಣ ದಿಂಬಿನಷ್ಟು ದಪ್ಪದ ಇನ್ನೊಂದನ್ನು ಮುಂದಿಟ್ಟರು. ಅದರ ತುಂಬ ಬರೀ ಆಟದ ಆರಂಭದ ನಡೆಗಳು. “ದೊಡ್ಡ ಆಟಗಾರರೆಲ್ಲ ಇದನ್ನೇ ಓದೋದು.”

“ನಾನು ಕನ್ನಡಕ ಮಾರೋಳು. ಬಂದೋರ ಕಣ್ಣು ನೋಡದೆ, ಅಂಗಡೀಲಿರೋ ದಪ್ಪ ಗಾಜು ಕೊಟ್ಟು ಕಳಿಸ್ತೀನಾ? ಸ್ವಲ್ಪ ಸರ್ಕೊಳ್ಳಿ, ನಾನೇ ನೋಡ್ಕೋತೀನಿ,” ಎಂದೆ. ಪಾಪ, ನಕ್ಕು ಒಂದು ಸ್ಟೂಲನ್ನೂ ಕೊಟ್ಟರು.

ಒಂದೊಂದನ್ನೂ ನಡುವೆ ತೆರೆದು ಒಂದು ಪುಟ ಓದಿದೆ. ನೀರು ಕುಡಿದಷ್ಟು ಸಲೀಸಾದರೆ ವಾಪಸ್. ತಲೆಬುಡ ತಿಳಿಯದಿದ್ದರೂ ವಾಪಸ್. ಎಲ್ಲಿ ಎಡವಿಯೂ ಮುಂದಿನ ಸಾಲು ಬೇಕೆನಿಸಿತೋ ಅದನ್ನು ಇಟ್ಟುಕೊಂಡೆ. ಹೀಗೆ ಕೈಗೆ ಬಂದದ್ದು ಮೂರು: ಕೊನೆಯಾಟದ್ದೊಂದು, ಬಿಡಿಸಬೇಕಾದ ಸಮಸ್ಯೆಗಳದ್ದೊಂದು, ಮತ್ತೊಂದರಲ್ಲಿ ಬರೆದವನು ತಾನು ಸೋತ ಆಟಗಳನ್ನೂ ಹಾಕಿ, ಎಲ್ಲಿ ದಡ್ಡನಾದೆ ಎಂದು ಬಿಚ್ಚಿ ಹೇಳಿದ್ದಾನೆ. ಅವನ ಮೇಲೆ ನನಗೆ ಬಹಳ ನಂಬಿಕೆ.

ಗಿರಾಕಿಗಳಿಲ್ಲದಾಗ ಓದುತ್ತೇನೆ. ಸಮಸ್ಯೆ ಬಿಡಿಸುವ ಮೊದಲೇ ಉತ್ತರ ನೋಡಬಾರದೆಂದು ಆ ಪುಟಗಳನ್ನು ಪಿನ್ನು ಹಾಕಿ ಮುಚ್ಚಿದ್ದೇನೆ.

ಹೋದ ವಾರ ಇಲ್ಲಿನ ಚದುರಂಗ ಕ್ಲಬ್ಬಿಗೆ ಹೋಗಿ ತಂಡಕ್ಕೆ ಹೆಸರು ಕೊಟ್ಟೆ. ಪರೀಕ್ಷೆಗೆಂದು ಕಾರ್ಯದರ್ಶಿಯೇ ಎದುರು ಕೂತರು. ಕೊನೆಗೆ ಹಲಗೆಯ ಮೇಲೆ ಉಳಿದದ್ದು ಎರಡು ರಾಜ, ನನ್ನದೊಂದು ಕಾಲಾಳು. “ಇನ್ನೇನಿದೆ ಅಮ್ಮ, ಡ್ರಾ ಮಾಡ್ಕೊಳ್ಳೋಣ,” ಎಂದರು.

“ಬೇಡ, ಆಡಿ.”

ಪುಸ್ತಕ ಹೇಳಿದಂತೆ ಕಾಲಾಳನ್ನು ಹಿಂದೆ ಬಿಟ್ಟು ರಾಜನನ್ನೇ ಮುಂದೆ ನಡೆಸಿದೆ. ಕಾಲಾಳು ಮಂತ್ರಿಯಾಯಿತು, ಗೆದ್ದೆ. ಅವರು ಸುತ್ತ ನಿಂತವರಿಗೆ ಕೇಳುವಂತೆ, “ಹೆಂಗಸರಲ್ವಾ, ಸ್ವಲ್ಪ ಸಡಿಲ ಬಿಟ್ಟೆ,” ಎಂದರು.

ಮೈಯೆಲ್ಲ ಉರಿದುಹೋಯಿತು, ಅಕ್ಕ. “ಹಾಗಾದ್ರೆ ಕಾಯಿ ಜೋಡಿಸಿ. ಈ ಸಲ ಬಿಗಿಯಾಗಿ ಆಡಿ. ಬಿಟ್ಟುಕೊಟ್ರೆ ನಾನು ಹಲಗೆ ಮಗುಚಿ ಹೋಗ್ತೀನಿ!”

ಆ ಆಟ ಸೋತೆ. ಅವರ ಹಣೆಯಲ್ಲಿ ಬೆವರಿತ್ತು. ನನಗಾದ ಖುಷಿಗೆ ಬರುವಾಗ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ. ತಂಡದ ಕೊನೆಯ ಜಾಗ ನನಗೇ ಸಿಕ್ಕಿದೆ. ಮುಂದಿನ ತಿಂಗಳು ಪಂದ್ಯ. ಈ ವಯಸ್ಸಿಗೆ ಇದೆಲ್ಲ ಬೇಕಾ ಎಂದು ಮಾತ್ರ ಬರೆಯಬೇಡ. ಬೇಕು.

ಭಾವನವರಿಗೆ ನಮಸ್ಕಾರ ತಿಳಿಸು, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಯಾರಿಗೂ ತಲೆ ತಗ್ಗಿಸದೆ ಬೆಳೆಯಲಿ.

ನಿನ್ನ
ಮೆಣಸಿನಕಾಯಿ

ತಾ.ಕ.: ಹಲಗೆ ಅಟ್ಟ ಸೇರಿದ್ದೇಕೆಂದು ಬರೆಯಲು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಮೇಲೆ ಬರೆಯಲು ಕೈ ಬರಲಿಲ್ಲ. ಮನೆಗೆ ನೆಂಟರು ಬಂದಿದ್ದಾಗ ಟೀ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. ಒಳಗೆ ನಮ್ಮವರು ನಗುತ್ತಾ, “ಸೋತ್ರೆ ಅವಳ ಮುಖ ಸಣ್ಣದಾಗುತ್ತೆ ಕಣ್ರೀ. ಅದಕ್ಕೇ ಮದುವೆಯಾದಾಗಿಂದ ನಾನೇ ಸೋಲ್ತಾ ಬಂದಿದ್ದೀನಿ,” ಎನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳಿದರು, ಅಕ್ಕ. ಈಗ ಅವರು ಯಾವ ಮಾತಿಗೆ “ನೀನು ಹೇಳಿದ್ದೇ ಸರಿ” ಎಂದರೂ, ನಿಜಕ್ಕೂ ಸರಿ ಇತ್ತೇ ಎಂದು ಅವರ ಮುಖವನ್ನೇ ನೋಡುತ್ತಾ ನಿಲ್ಲುತ್ತೇನೆ.